ಅರೆದ ಪಿಸ್ತಾದ ಪೂರ್ವೋತ್ತರ

ಬೆಣ್ಣೆ ಎಂದರೆ ನಮ್ಮ ಕಡೆ ಮೊಸರು ಕಡೆದು ತೆಗೆಯುವ ಪದಾರ್ಥ. ಗಡಿಗೆ, ಕಡೆಗೋಲು, ಮಜ್ಜಿಗೆ ಇವುಗಳ ನೆನಪಿಲ್ಲದೆ ಆ ಶಬ್ದ ನಮ್ಮ ಬಾಯಿಗೆ ಬರುವುದಿಲ್ಲ. ಹೀಗಿರುವಲ್ಲಿ, ಈಚಿನ ಕೆಲವು ವರ್ಷಗಳಿಂದ ಪೇಟೆಯ ದೊಡ್ಡ ಅಂಗಡಿಗಳಲ್ಲಿ ಕಾಣಿಸಿಕೊಂಡಿರುವ ‘ಪಿಸ್ತಾ ಬೆಣ್ಣೆ’ಯ ಸೀಸೆ ಹಳೆಯ ಕಾಲದವರಿಗೆ ಕೊಂಚ ವಿಚಿತ್ರವಾಗಿಯೇ ತೋರಬೇಕು. ಹಾಲಿನ ಹನಿಯೂ ಅದರಲ್ಲಿಲ್ಲ. ಪಿಸ್ತಾದ ತಿರುಳನ್ನು ಅದು ತನ್ನ ಎಣ್ಣೆಯನ್ನು ತಾನೇ ಬಿಡುವ ತನಕ ಅರೆದರೆ ಆಗುವ ಹಸಿರು ಲೇಹ್ಯ ಅದು, ಅಷ್ಟೆ. ಸೀಸೆಯ ಮೇಲಿನ ಚೀಟಿಯನ್ನು ಓದಿದರೋ, ಹೃದಯಕ್ಕೆ ಒಳ್ಳೆಯದು, ಕಣ್ಣಿಗೆ ಒಳ್ಳೆಯದು, ಸ್ನಾಯುಗಳಿಗೆ ಒಳ್ಳೆಯದು ಎಂದು ಮುಂತಾಗಿ ಒಂದು ಅಷ್ಟೋತ್ತರವೇ ಇದೆ. ಬೆಲೆಯೂ ಆ ಮಹಿಮೆಗೆ ತಕ್ಕಂತೆಯೇ ಇದೆ.

ಈ ಮಹಿಮೆಯಲ್ಲಿ ನಿಜವೆಷ್ಟು ಎಂದು ತಿಳಿಯಲು ನಾನು ಪಿಸ್ತಾದ ಚರಿತ್ರೆಯ ಬೆನ್ನು ಹತ್ತಿದೆ. ಹೋದಷ್ಟೂ ದೂರ ಹೋಗುವ ದಾರಿ ಅದು. ಆ ದಾರಿಯುದ್ದಕ್ಕೂ ನನಗೆ ಮತ್ತೆ ಮತ್ತೆ ಎದುರಾದ ಸಂಗತಿ ಒಂದೇ: ಇಡಿಯಾಗಿರುವ ಪಿಸ್ತಾ ತನ್ನ ಸಾಕ್ಷಿಯನ್ನು ತಾನೇ ನುಡಿಯುತ್ತದೆ, ಅರೆದ ಪಿಸ್ತಾದ ವಿಷಯದಲ್ಲಿ ಅರೆದವನ ಮಾತನ್ನೇ ನಂಬಬೇಕಾಗುತ್ತದೆ. ಆರೋಗ್ಯದ ಪ್ರಶ್ನೆಯೂ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ.

ಮೊದಲು ಮರದ ಮಾತು. ಪಿಸ್ತಾ ನಮ್ಮ ಮಾವು, ಗೇರುಗಳ ಬಳಗಕ್ಕೆ ಸೇರಿದ್ದು. ಆದರೆ ಸ್ವಭಾವದಲ್ಲಿ ಈ ದಾಯಾದಿಗಳಿಗೆ ಹೋಲಿಕೆಯೇ ಇಲ್ಲ. ಮಾವಿಗೆ ಸೆಕೆಯಾದರೆ ಸಾಕು. ಪಿಸ್ತಾಕ್ಕೆ ಬೇಸಗೆಯಲ್ಲಿ ಮರುಭೂಮಿಯ ಉರಿ, ಚಳಿಗಾಲದಲ್ಲಿ ನೂರಾರು ಗಂಟೆಗಳ ಕೊರೆಯುವ ಚಳಿ, ಎರಡೂ ಬೇಕು. ನಮ್ಮ ಕರ್ನಾಟಕದ ಯಾವ ಮೂಲೆಯೂ ಇಂಥ ಚಳಿಯನ್ನು ಕೊಡಲಾರದು. ಇದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಪರಾಗವನ್ನು ಹೊತ್ತೊಯ್ಯುವುದಕ್ಕೆ ದುಂಬಿ ಬೇಕಿಲ್ಲ, ಗಾಳಿ ಬೀಸಿದರಾಯಿತು. ನೆಟ್ಟು ಐದಾರು ವರ್ಷ ಕಾದ ಮೇಲೆ ಫಲ. ಅದೂ ಒಂದು ವರ್ಷ ತುಂಬಿ ಸುರಿದರೆ ಮರುವರ್ಷ ಬಡತನ. ಬಲಿತಾಗ ಒಳಗಿನ ತಿರುಳು ಉಬ್ಬಿ, ಚಿಪ್ಪು ತಾನಾಗಿ ಬಾಯಿ ಬಿಡುತ್ತದೆ. ಇರಾನಿನವರು ಇದನ್ನು ‘ಖಂದಾನ್’ ಎನ್ನುತ್ತಾರೆ, ನಗುವ ಪಿಸ್ತಾ ಎಂದು ಅರ್ಥ. ಚೀನೀಯರೂ ಅದಕ್ಕೆ ಸಂತೋಷದ ಹಣ್ಣು ಎಂಬರ್ಥದ ಹೆಸರನ್ನೇ ಇಟ್ಟಿದ್ದಾರೆ. ಬಾಯಿ ಬಿಟ್ಟ ಪಿಸ್ತಾದ ಒಳಗೇನಿದೆ ಎಂಬುದು ಕೊಳ್ಳುವವನ ಕಣ್ಣಿಗೇ ಕಾಣುತ್ತದೆ. ಈ ಗುಣವನ್ನು ಓದುಗರು ನೆನಪಿನಲ್ಲಿಡಬೇಕು.

ಪಿಸ್ತಾದ ಕುಲವನ್ನು ಮನುಷ್ಯ ತಿನ್ನತೊಡಗಿ ಎಷ್ಟು ಕಾಲವಾಯಿತು? ಇಂದಿನ ಇಸ್ರೇಲಿನ ಉತ್ತರದಲ್ಲಿ, ಜೋರ್ಡನ್ ನದಿಯ ದಡದ ಗೆಶೆರ್ ಬೆನೋಟ್ ಯಾಕೋವ್ ಎಂಬ ನೆಲೆಯಲ್ಲಿ, ಸುಮಾರು 7,80,000 ವರ್ಷಗಳ ಹಿಂದಿನ ಪದರಗಳಲ್ಲಿ, ಕಾಡುಪಿಸ್ತಾ, ಕಾಡುಬಾದಾಮಿ ಮೊದಲಾದವುಗಳ ಅವಶೇಷಗಳು ಸಿಕ್ಕಿವೆ. ಜೊತೆಯಲ್ಲೇ ಸಣ್ಣ ಸಣ್ಣ ಕುಳಿಗಳಿರುವ ಕಲ್ಲುಗಳೂ ಸಿಕ್ಕಿವೆ. ಕಾಯಿಯನ್ನು ಕುಳಿಯಲ್ಲಿಟ್ಟು ಮೇಲಿನಿಂದ ಇನ್ನೊಂದು ಕಲ್ಲಿನಿಂದ ಜಜ್ಜಿದ ಗುರುತು. ಈ ಶೋಧದ ವಿವರ 2002ರಲ್ಲಿ ಪ್ರಕಟವಾಯಿತು. ನಮ್ಮಂಥ ಮನುಷ್ಯರು ಹುಟ್ಟುವುದಕ್ಕೂ ಎಷ್ಟೋ ಮೊದಲಿನ ಮಾತಿದು. ಒರಳುಕಲ್ಲಿನ ಮುತ್ತಜ್ಜಿಯನ್ನು ಅಲ್ಲಿ ಕಾಣಬಹುದೆಂದರೆ ಅತಿಶಯೋಕ್ತಿಯಾಗದು.

ಬರಹದ ಕಾಲಕ್ಕೆ ಬಂದರೆ, ಬೈಬಲಿನ ಮೊದಲ ಪುಸ್ತಕದಲ್ಲಿ ಯಾಕೋಬನು ಕ್ಷಾಮಕಾಲದಲ್ಲಿ ಈಜಿಪ್ಟಿನ ಅಧಿಕಾರಿಗೆ ಕಳಿಸುವ ಕಾಣಿಕೆಗಳಲ್ಲಿ ಜೇನು, ಸುಗಂಧ, ಬಾದಾಮಿಗಳೊಡನೆ ‘ಬೊತ್ನಿಮ್’ ಎಂಬುದೊಂದಿದೆ. ಅದು ಪಿಸ್ತಾ ಎಂಬುದು ಸಾಮಾನ್ಯವಾಗಿ ಒಪ್ಪಿದ ಅರ್ಥ. ತಮಾಷೆಯೆಂದರೆ ಇಂದಿನ ಹೀಬ್ರೂ ಭಾಷೆಯಲ್ಲಿ ಅದೇ ಶಬ್ದಕ್ಕೆ ಕಡಲೆಕಾಯಿ ಎಂದು ಅರ್ಥ! ತುರ್ಕಿಯವರು ಕಡಲೆಕಾಯಿಯನ್ನು ‘ನೆಲಪಿಸ್ತಾ’ ಎಂದು ಕರೆಯುತ್ತಾರೆ. ನಾವು ಅದನ್ನೇ ನೆಲಗಡಲೆ ಎಂದೆವು. ಅಮೆರಿಕ ಖಂಡದಿಂದ ಬಂದ ಆ ಹೊಸ ಕಾಯಿಗೆ ಎಲ್ಲರೂ ತಮ್ಮ ತಮ್ಮ ಮನೆಯ ಹಳೆಯ ಕಾಳಿನ ಹೆಸರನ್ನೇ ಇಟ್ಟು ನಾಮಕರಣ ಮುಗಿಸಿದರು.

ಅಲೆಕ್ಸಾಂಡರನ ದಂಡಯಾತ್ರೆಯಿಂದ ಮರಳಿದವರ ವರದಿಗಳನ್ನಾಧರಿಸಿ, ಅರಿಸ್ಟಾಟಲನ ಶಿಷ್ಯನಾದ ಥಿಯೋಫ್ರಾಸ್ಟಸ್ ಬ್ಯಾಕ್ಟ್ರಿಯಾ ದೇಶದ, ಎಂದರೆ ಇಂದಿನ ಉತ್ತರ ಆಫ್ಘಾನಿಸ್ತಾನದ, ಮರವೊಂದನ್ನು ಬಣ್ಣಿಸುತ್ತಾನೆ. ಕಾಯಿ ಬಾದಾಮಿಯಂಥದು, ಮರ ಮಾತ್ರ ಬೇರೆ. ಇದು ಪಿಸ್ತಾವೇ ಇರಬೇಕು. ಅಲ್ಲಿನ ಬೆಟ್ಟಗಳಲ್ಲಿ ಕಾಡುಪಿಸ್ತಾದ ತೋಪುಗಳು ಈಗಲೂ ಇವೆ. ರೋಮಿಗೆ ಅದನ್ನು ತಂದವನ ಹೆಸರನ್ನು ಪ್ಲಿನಿ ಬರೆದಿಟ್ಟಿದ್ದಾನೆ. ಟೈಬೀರಿಯಸ್ ಚಕ್ರವರ್ತಿಯ ಕೊನೆಗಾಲದಲ್ಲಿ, ಕ್ರಿ.ಶ. 35ರ ಸುಮಾರಿಗೆ, ಸಿರಿಯಾದ ಅಧಿಪತಿಯಾಗಿದ್ದ ಲೂಸಿಯಸ್ ವಿಟೆಲಿಯಸ್ ಅದನ್ನು ಇಟಲಿಗೆ ಒಯ್ದ. ಅವನ ಸಂಗಡಿಗನೊಬ್ಬ ಸ್ಪೇನಿಗೆ ಒಯ್ದ.

ಮಹಿಮಾವರ್ಣನೆಯೂ ಆಗಲೇ ಮೊದಲಾಯಿತು. ಡಯೋಸ್ಕೋರಿಡಿಸ್ ಎಂಬ ವೈದ್ಯ ಪಿಸ್ತಾ ಜಠರಕ್ಕೆ ಹಿತವೆಂದ; ದ್ರಾಕ್ಷಾರಸದೊಡನೆ ಸೇವಿಸಿದರೆ ಹಾವು ಕಚ್ಚಿದವರಿಗೂ ಉಪಯೋಗವೆಂದ. ಪ್ಲಿನಿಯೂ ಹಾವಿನ ವಿಷಕ್ಕೆ ಅದನ್ನು ಹೇಳಿದ. ಇವರಿಬ್ಬರಿಗಿಂತ ನನಗೆ ಮೆಚ್ಚಿಕೆಯಾಗುವವನು ಎರಡನೆಯ ಶತಮಾನದ ಗೇಲನ್. ಪಿಸ್ತಾದಲ್ಲಿ ಪೋಷಣೆ ಹೆಚ್ಚೇನಿಲ್ಲ, ಯಕೃತ್ತಿಗೆ ಬಲ ಕೊಡಬಹುದು, ಜಠರಕ್ಕೆ ದೊಡ್ಡ ಉಪಕಾರವನ್ನಾಗಲಿ ಅಪಕಾರವನ್ನಾಗಲಿ ತಾನು ಕಂಡಿಲ್ಲ ಎಂಬ ಧಾಟಿಯಲ್ಲಿ ಆತ ಬರೆಯುತ್ತಾನೆ. ಪೋಷಣೆಯ ವಿಷಯದಲ್ಲಿ ಅವನ ಲೆಕ್ಕ ತಪ್ಪು. ಆದರೆ ಕಂಡಷ್ಟನ್ನೇ ಹೇಳುವ ಆ ಸಂಕೋಚ ಇಂದಿನ ಚೀಟಿ ಬರೆಯುವವರಿಗೆ ಇದ್ದಿದ್ದರೆ ಸೀಸೆಯ ಮೇಲೆ ಜಾಗ ಎಷ್ಟೋ ಉಳಿಯುತ್ತಿತ್ತು.

ನಮ್ಮ ಚರಕಸಂಹಿತೆಯ ಅನ್ನಪಾನ ಪ್ರಕರಣದಲ್ಲಿಯೂ ವಾತಾಮ, ಅಕ್ಷೋಟ, ಮುಕೂಲಕ, ನಿಕೋಚಕ ಎಂದು ಉತ್ತರಾಪಥದ ಕಾಯಿಗಳ ಪಟ್ಟಿ ಬರುತ್ತದೆ. ಮೊದಲೆರಡು ಬಾದಾಮಿ ಮತ್ತು ಅಕ್ರೋಟು. ಉಳಿದವುಗಳಲ್ಲಿ ಪಿಸ್ತಾ ಯಾವುದೆಂಬ ಬಗ್ಗೆ ಪಂಡಿತರಲ್ಲಿ ಇಂದಿಗೂ ಒಮ್ಮತವಿಲ್ಲ. ಇಡೀ ಗುಂಪಿಗೆ ಅಲ್ಲಿ ಹೇಳಿರುವ ಗುಣಗಳು ಮಾತ್ರ ಸ್ಪಷ್ಟ: ಗುರು, ಉಷ್ಣ, ಸ್ನಿಗ್ಧ, ಮಧುರ, ಬಲಕರ, ವಾತವನ್ನು ತಗ್ಗಿಸುತ್ತವೆ, ಕಫಪಿತ್ತಗಳನ್ನು ಹೆಚ್ಚಿಸುತ್ತವೆ. ಗುರು, ಸ್ನಿಗ್ಧ ಎಂಬ ಎರಡು ಮಾತುಗಳು ಇಂದಿನ ಪೌಷ್ಟಿಕ ಕೋಷ್ಟಕಕ್ಕೆ ಎಷ್ಟು ಸರಿಯಾಗಿ ಹೊಂದುತ್ತವೆಂಬುದನ್ನು ಮುಂದೆ ನೋಡೋಣ.

ಪಿಸ್ತಾವನ್ನು ಅರೆದು ಅಡಿಗೆಗೆ ಹಾಕುವ ಕಲೆ ಚೆನ್ನಾಗಿ ಅರಳಿದ್ದು ಬಾಗ್ದಾದಿನಲ್ಲಿ. 1226ರಲ್ಲಿ ಮುಹಮ್ಮದ್ ಬಿನ್ ಅಲ್-ಹಸನ್ ಅಲ್-ಬಾಗ್ದಾದಿ ಎಂಬಾತ ಒಂದು ಪಾಕಶಾಸ್ತ್ರವನ್ನು ಬರೆದ. ಮೂವತ್ತೆರಡು ವರ್ಷಗಳ ಅನಂತರ, 1258ರಲ್ಲಿ, ಮಂಗೋಲರು ಆ ನಗರವನ್ನು ಹಾಳುಗೆಡವಿದರು; ಅಡಿಗೆಯ ಪುಸ್ತಕ ಉಳಿಯಿತು. ಅದರಲ್ಲಿ ‘ಫುಸ್ತಕಿಯ್ಯಾ’ ಎಂಬ ಪಾಕವೊಂದಿದೆ. ಬೆಂದ ಕೋಳಿಯ ಮಾಂಸವನ್ನು ಎಳೆ ಎಳೆಯಾಗಿ ಬಿಡಿಸಿ, ಕುಟ್ಟಿದ ಪಿಸ್ತಾವನ್ನು ಬೆರೆಸಿ ಬೇಯಿಸಿ, ಪಿಸ್ತಾದಷ್ಟೇ ತೂಕದ ಸಕ್ಕರೆ ಹಾಕಿ ಗಟ್ಟಿಯಾಗುವವರೆಗೆ ಕೈಯಾಡಿಸಬೇಕು. ಶಾಕಾಹಾರಿಗಳು ಕೋಳಿಯನ್ನು ಬಿಟ್ಟು ಓದಿಕೊಂಡರೆ ಹೆಚ್ಚುಕಡಿಮೆ ನಮ್ಮ ಬರ್ಫಿಯೇ ಆಯಿತು! ಹಸಿರಿನ ಒಂದು ಛಾಯೆಗೆ ಅರಬ್ಬಿಯಲ್ಲಿ ‘ಫುಸ್ತುಕಿ’ ಎಂಬ ಹೆಸರು. ನಮ್ಮ ಸೀರೆ ಅಂಗಡಿಗಳಲ್ಲಿ ಅದೇ ಪಿಸ್ತಾ ಬಣ್ಣ.

ಅರಬ್ಬರು ಈ ಬೆಳೆಯನ್ನು ಸಿಸಿಲಿ ದ್ವೀಪದಲ್ಲಿ ವ್ಯಾಪಕಗೊಳಿಸಿದರೆನ್ನುವುದಕ್ಕೆ ಅಲ್ಲಿಯ ಆಡುಮಾತೇ ಸಾಕ್ಷಿ. ಇಟಲಿಯವರ ‘ಪಿಸ್ತಾಕ್ಯೊ’ ಅಲ್ಲಿ ‘ಫ್ರಾಸ್ತೂಕ’ ಆಗುತ್ತದೆ, ಇದು ಅರಬ್ಬಿಯ ಫುಸ್ತುಕ್. ಎಟ್ನಾ ಜ್ವಾಲಾಮುಖಿಯ ಇಳಿಜಾರಿನಲ್ಲಿ ಬ್ರೊಂಟೆ ಎಂಬ ಊರು ಇಂದಿಗೂ ಕಡುಹಸಿರು ಪಿಸ್ತಾಕ್ಕೆ ಪ್ರಸಿದ್ಧ. ಅಲ್ಲಿ ಕೊಯ್ಲು ವರ್ಷ ಬಿಟ್ಟು ವರ್ಷ, ಅದೂ ಬೆಸ ಸಂಖ್ಯೆಯ ವರ್ಷಗಳಲ್ಲಿ ಮಾತ್ರ. ಇಂಗ್ಲೆಂಡಿನ ನೌಕಾಧಿಪತಿ ನೆಲ್ಸನ್ನನಿಗೆ 1799ರಲ್ಲಿ ಬ್ರೊಂಟೆಯ ಡ್ಯೂಕ್ ಎಂಬ ಪದವಿ ಸಿಕ್ಕಿತು. ಐರ್ಲೆಂಡಿನ ಪಾದ್ರಿಯೊಬ್ಬರು ತಮ್ಮ ಮನೆತನದ ಹೆಸರನ್ನು ಬ್ರಾಂಟಿ ಎಂದು ಬದಲಿಸಿಕೊಂಡದ್ದು ಆ ಅಭಿಮಾನದಿಂದಲೇ ಎನ್ನುತ್ತಾರೆ. ಕಾದಂಬರಿಗಳಿಂದ ಹೆಸರಾದ ಮೂವರು ಸೋದರಿಯರು ಅವರ ಮಕ್ಕಳು. ಇರಲಿ, ಇದು ದಾರಿಬದಿಯ ಮಾತು.

ಹಿಂದೂಸ್ತಾನಕ್ಕೆ ಪಿಸ್ತಾ ಯಾವಾಗಲೂ ಹೊರಗಿನಿಂದ ಬಂದ ನೆಂಟನೇ. ಬಾಬರನು ತನ್ನ ಆತ್ಮಕಥೆಯಲ್ಲಿ ನಮ್ಮ ಚಾರೋಳಿಯನ್ನು ಬಣ್ಣಿಸುವಾಗ ಅದು ಪಿಸ್ತಾಕ್ಕಿಂತ ಚಿಕ್ಕದು, ದುಂಡಗಿನದು, ರುಚಿ ಪರವಾಗಿಲ್ಲ, ಸಿಹಿತಿಂಡಿಗಳಿಗೆ ಹಾಕುತ್ತಾರೆ ಎನ್ನುತ್ತಾನೆ. ಅವನ ಅಳತೆಗೋಲು ತವರಿನ ಪಿಸ್ತಾ. ಆ ಕಾಲದಲ್ಲಿ ನಮ್ಮವರ ಅಳತೆಗೋಲು ಚಾರೋಳಿಯೇ ಇದ್ದಿರಬೇಕು. ಚಾರೋಳಿಯೂ ಮಾವಿನ ಬಳಗದ್ದೇ ಎಂಬುದು ಅವನಿಗೆ ತಿಳಿದಿರಲಾರದು. ಮೊಮ್ಮಗ ಅಕ್ಬರನ ಕಾಲದ ಐನ್-ಇ-ಅಕ್ಬರಿಯಲ್ಲಿ ಒಣಹಣ್ಣುಗಳ ಬೆಲೆಯ ಪಟ್ಟಿಯಲ್ಲಿ ಪಿಸ್ತಾಕ್ಕೂ ಸ್ಥಾನವಿದೆ. ಮುಂದೆ ಹೆಗಲ ಚೀಲದಲ್ಲಿ ಒಣಹಣ್ಣು ಹೊತ್ತು ಊರೂರು ತಿರುಗುವ ಕಾಬೂಲಿಯರು ಬಂದರು. 1892ರಲ್ಲಿ ರವೀಂದ್ರನಾಥ ಠಾಕೂರರ ಕತೆಯಲ್ಲಿ ಬರುವವನು ಆ ಪರಂಪರೆಯವನೇ. ನಮ್ಮ ಕಡೆ ಬಡವರ ಮನೆಯಲ್ಲಿ ಪಿಸ್ತಾ ಎಂದರೆ ಮದುವೆಯ ಊಟದ ಸಿಹಿಯ ಮೇಲೆ ತೆಳ್ಳಗೆ ಹೆಚ್ಚಿ ಉದುರಿಸಿದ ನಾಲ್ಕು ಚೂರು. ಅದನ್ನು ಅರೆದು ಚಮಚದಲ್ಲಿ ತಿನ್ನುವುದನ್ನು ಊಹಿಸಿದವರು ಕಡಮೆ.

ಹಾಗಾದರೆ ‘ಬೆಣ್ಣೆ’ ಎಂಬ ಹೆಸರು ಎಲ್ಲಿಂದ ಬಂತು? ಇದು ಉತ್ತರ ಅಮೆರಿಕದ ಕಾಣಿಕೆ. 1884ರಲ್ಲಿ ಕೆನಡಾದ ಮಾರ್ಸೆಲಸ್ ಎಡ್ಸನ್ ಎಂಬಾತ ಹುರಿದ ಕಡಲೆಕಾಯಿಯನ್ನು ನುಣ್ಣಗೆ ಅರೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. 1895ರಲ್ಲಿ ಬ್ಯಾಟಲ್ ಕ್ರೀಕಿನ ಆರೋಗ್ಯಧಾಮದ ವೈದ್ಯ ಜಾನ್ ಹಾರ್ವೆ ಕೆಲಾಗ್ ಇಂಥದೇ ಇನ್ನೊಂದು ವಿಧಾನಕ್ಕೆ ಅರ್ಜಿ ಹಾಕಿದ. ಕೆಲಾಗ್ ಮಾಂಸವರ್ಜನೆಯ ಪ್ರಚಾರಕ. ಮಾಂಸವನ್ನು ಬಿಡಿಸಿದ ಮೇಲೆ ರೋಗಿಗಳಿಗೆ ಸತ್ವದ ಆಹಾರ ಬೇಕಲ್ಲ, ಅದಕ್ಕೆ ಈ ಲೇಹ್ಯ. ಕಾಳನ್ನು ಅರೆದು ಬೆಣ್ಣೆಯೆಂದು ಕರೆದು ಆರೋಗ್ಯದ ಹೆಸರಿನಲ್ಲಿ ಮಾರುವ ಪದ್ಧತಿಗೆ ಅಲ್ಲಿ ಅಡಿಪಾಯ ಬಿತ್ತು. ಎಣ್ಣೆ ಮೇಲೆ ತೇಲಿ ಹಿಟ್ಟು ಕೆಳಗೆ ಕೂರುವುದು ಆ ಬೆಣ್ಣೆಯ ದೋಷವೆಂದು ವ್ಯಾಪಾರಿಗಳು ಭಾವಿಸಿದರು. 1920ರ ದಶಕದಲ್ಲಿ ಜೋಸೆಫ್ ರೋಸ್‌ಫೀಲ್ಡ್ ಎಂಬಾತ ಅದಕ್ಕೆ ಗಟ್ಟಿಗೊಳಿಸಿದ ಎಣ್ಣೆಯನ್ನು, ಎಂದರೆ ನಮ್ಮ ವನಸ್ಪತಿಯ ಜಾತಿಯದನ್ನು, ಬೆರೆಸಿ ಅದು ಬೇರೆಯಾಗದಂತೆ ಮಾಡಿದ. ನೋಟಕ್ಕೆ ಚೆಂದವಾಯಿತು. ಅರೆದ ಕಾಳಿನ ಸೀಸೆಯೊಳಗೆ ಕಾಳಲ್ಲದ ವಸ್ತು ಶಾಸ್ತ್ರೋಕ್ತವಾಗಿ ಪ್ರವೇಶ ಮಾಡಿದ್ದು ಹೀಗೆ.

ಹಾಗೆ ನೋಡಿದರೆ ತತ್ತ್ವ ನಮ್ಮವರಿಗೆ ಹೊಸದಲ್ಲ. ಉತ್ತರ ಕರ್ನಾಟಕದಲ್ಲಿ ಶೇಂಗಾ ಚಟ್ನಿಯನ್ನು ಒರಳಿನಲ್ಲಿ ಹಾಕಿ ಎಣ್ಣೆ ಬಿಡುವವರೆಗೆ ಕುಟ್ಟುತ್ತಾರೆ. ಅದಕ್ಕೆ ಯಾರೂ ಬೆಣ್ಣೆ ಎನ್ನಲಿಲ್ಲ. ರೊಟ್ಟಿಗೆ ಹಚ್ಚಿಕೊಂಡು ತಿಂದು ಸುಮ್ಮನಾದರು.

ಪಿಸ್ತಾ ಬೆಣ್ಣೆಯಾಗಬೇಕಾದರೆ ಮೊದಲು ಅದು ಹೇರಳವಾಗಬೇಕಿತ್ತು. ಅದರ ಕತೆ 1929ರಲ್ಲಿ ಪ್ರಾರಂಭವಾಗುತ್ತದೆ. ಅಮೆರಿಕದ ಕೃಷಿ ಇಲಾಖೆಯ ವಿಲಿಯಂ ವೈಟ್‌ಹೌಸ್ ಎಂಬ ಸಸ್ಯತಜ್ಞ ಪರ್ಷಿಯಾಕ್ಕೆ ಹೋಗಿ ಆರು ತಿಂಗಳು ತೋಟ ತೋಟ ಅಲೆದು ಸುಮಾರು 20 ಪೌಂಡು ಬೀಜದೊಡನೆ ಮರಳಿದ. ಅದರಿಂದ ಎಬ್ಬಿಸಿದ ಸುಮಾರು 3,000 ಗಿಡಗಳಲ್ಲಿ ವರ್ಷಗಟ್ಟಲೆ ಸೋಸಿ ಕೊನೆಗೆ ಆರಿಸಿದ್ದು ಒಂದನ್ನು. ರಫ್ಸಂಜಾನ್ ಊರಿನ ಕಡೆಯ ಬೀಜದ ಮರ ಅದು. ಆ ಪ್ರಾಂತದ ಹೆಸರನ್ನೇ ಇಟ್ಟು 1957ರಲ್ಲಿ ‘ಕೆರ್ಮಾನ್’ ತಳಿಯೆಂದು ಬಿಡುಗಡೆ ಮಾಡಿದರು. 1976ರಲ್ಲಿ ಕ್ಯಾಲಿಫೋರ್ನಿಯದ ಮೊದಲ ವ್ಯಾಪಾರಿ ಬೆಳೆ 15 ಲಕ್ಷ ಪೌಂಡು. 2023ರ ಬೆಳೆ 150 ಕೋಟಿ ಪೌಂಡಿನ ಹತ್ತಿರ. ನಡುವೆ 1979ರಲ್ಲಿ ಟೆಹರಾನಿನ ಅಮೆರಿಕನ್ ರಾಯಭಾರ ಕಚೇರಿಯ ಒತ್ತೆಯಾಳುಗಳ ಪ್ರಕರಣ ನಡೆಯಿತು, ವ್ಯಾಪಾರ ನಿಂತಿತು. 1986ರಲ್ಲಿ ಅಮೆರಿಕ ಇರಾನಿನ ಹಸಿ ಪಿಸ್ತಾದ ಮೇಲೆ ಶೇ. 241ರಷ್ಟು ಸುಂಕ ಹೇರಿತು. ಕೆರ್ಮಾನಿನ ಮಗಳು ಸಿರಿವಂತಳಾಗಿ ತವರಿಗೇ ಪ್ರತಿಸ್ಪರ್ಧಿಯಾಗಿ ನಿಂತಳು.

ತವರಿನ ಪಾಡು ಈಗ ಕಷ್ಟದ್ದು. ರಫ್ಸಂಜಾನಿನ ತೋಟಗಳು ಹಿಂದೆ ‘ಕನಾತ್’ಗಳ ನೀರಿನಿಂದ ಬದುಕಿದವು. ಬೆಟ್ಟದ ಬುಡದಲ್ಲಿ ತಾಯಿಬಾವಿ ತೋಡಿ, ಅಲ್ಲಿಂದ ನೆಲದೊಳಗೆ ಮೆಲ್ಲಗೆ ಇಳಿಜಾರಾದ ಸುರಂಗವನ್ನು ಮೈಲಿಗಟ್ಟಲೆ ಕೊರೆದು, ಏತವಿಲ್ಲದೆ ನೀರನ್ನು ಬಯಲಿಗೆ ಹರಿಸುವ ಉಪಾಯವದು. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಇಂಥದೇ ಸುರಂಗವನ್ನು ನಮ್ಮವರು ನೋಡಬಹುದು. ಸುರಂಗಕ್ಕೆ ಅಂತರ್ಜಲ ಎಷ್ಟು ಒಸರುತ್ತದೋ ಅಷ್ಟೇ ನೀರು, ಲೋಭಕ್ಕೆ ಅವಕಾಶವಿಲ್ಲ. ಇಪ್ಪತ್ತನೆಯ ಶತಮಾನದ ನಡುವಿನಿಂದ ಯಂತ್ರದ ಕೊಳವೆಬಾವಿಗಳು ಬಂದವು. ತೋಟಗಳು ಹಬ್ಬಿದವು, ನೀರು ಪಾತಾಳಕ್ಕಿಳಿಯಿತು, ಕನಾತ್‌ಗಳು ಬತ್ತಿದವು, ಉಪ್ಪು ಹೆಚ್ಚಿತು, ಬಯಲಿನ ನೆಲವೇ ಕುಸಿಯತೊಡಗಿತು. 2016ರಲ್ಲಿ ಯುನೆಸ್ಕೊ ಇರಾನಿನ ಹನ್ನೊಂದು ಕನಾತ್‌ಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕ್ಯಾಲಿಫೋರ್ನಿಯದ ಪಿಸ್ತಾ ಕಣಿವೆಯಲ್ಲಿಯೂ ನೆಲ ಕುಸಿಯುತ್ತಲೇ ಇದೆ. ಅಂತರ್ಜಲಕ್ಕೆ ಕಡಿವಾಣ ಹಾಕುವ ಕಾನೂನು ಅಲ್ಲಿ 2014ರಲ್ಲಿ ಬಂತು. ಒಂದು ಚಮಚ ಹಸಿರು ಲೇಹ್ಯದ ಹಿಂದೆ ಇಷ್ಟು ಆಳದ ನೀರಿದೆ.

ಈಗ ಆರೋಗ್ಯದ ವಿಚಾರ. ನೂರು ಗ್ರಾಂ ಪಿಸ್ತಾದಲ್ಲಿ ಸುಮಾರು 560 ಕ್ಯಾಲೊರಿ, 20 ಗ್ರಾಂ ಪ್ರೋಟೀನು, 45 ಗ್ರಾಂ ಕೊಬ್ಬು, 10 ಗ್ರಾಂ ನಾರು. ಕೊಬ್ಬಿನ ಬಹುಪಾಲು ಆಲಿವ್ ಎಣ್ಣೆಯಲ್ಲಿರುವಂಥ ಸೌಮ್ಯ ಜಾತಿಯದು. ಪೊಟ್ಯಾಸಿಯಂ ಒಂದು ಗ್ರಾಮಿನಷ್ಟು. ಬಿ-6 ಜೀವಸತ್ವ ಧಾರಾಳ. ಕಣ್ಣಿನ ಪೊರೆಗೆ ಬೇಕಾದ ಲ್ಯೂಟೀನ್ ಎಂಬ ವರ್ಣದ್ರವ್ಯ ಇತರ ಒಣಕಾಯಿಗಳಿಗಿಂತ ಹೆಚ್ಚು. ಚರಕನ ಗುರು, ಸ್ನಿಗ್ಧ, ಬಲಕರ ಎಂಬ ಮೂರು ಮಾತುಗಳಿಗೂ ಇಲ್ಲಿ ಅಂಕಿಗಳು ಸಿಕ್ಕಿದಂತಾಯಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2003ರಲ್ಲಿ ದಿನಕ್ಕೆ ಒಂದೂವರೆ ಔನ್ಸು, ಎಂದರೆ 42 ಗ್ರಾಂ, ಒಣಕಾಯಿಗಳು ಹೃದ್ರೋಗದ ಅಪಾಯವನ್ನು ತಗ್ಗಿಸಬಹುದು ಎಂದು ಚೀಟಿಯ ಮೇಲೆ ಬರೆಯಲು ಅನುಮತಿ ಕೊಟ್ಟಿತು; ಪಿಸ್ತಾವೂ ಆ ಗುಂಪಿನಲ್ಲಿದೆ. ಜೊತೆಗೆ, ಪುರಾವೆಗಳು ಸೂಚಿಸುತ್ತವೆಯೇ ಹೊರತು ಸಿದ್ಧಪಡಿಸುವುದಿಲ್ಲ ಎಂಬ ಷರತ್ತಿನ ಮಾತನ್ನೂ ಬರೆಯಬೇಕೆಂದಿತು. ಗೇಲನ್ ಮರಳಿ ಬಂದನೆನ್ನಬೇಕು! ಎಲ್ಲರೂ ಉದಾಹರಿಸುವ ಸ್ಪೇನಿನ ದೊಡ್ಡ ಪ್ರಯೋಗವೊಂದಿದೆ, 2013ರಲ್ಲಿ ಪ್ರಕಟವಾಗಿ ದೋಷಗಳನ್ನು ತಿದ್ದಿ 2018ರಲ್ಲಿ ಮತ್ತೆ ಪ್ರಕಟವಾದದ್ದು. ಅದರಲ್ಲಿ ಜನರಿಗೆ ಕೊಟ್ಟದ್ದು ಅಕ್ರೋಟು, ಬಾದಾಮಿ, ಹೇಜಲ್ ಕಾಯಿಗಳನ್ನು. ಪಿಸ್ತಾ ಅದರಲ್ಲಿರಲಿಲ್ಲ.

ಇವೆಲ್ಲ ಇಡೀ ಕಾಳಿನ ಗುಣಗಳು. ಅರೆದಾಗ ಏನಾಗುತ್ತದೆ? ಇದನ್ನು ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಬಾದಾಮಿಯ ಮೇಲೆ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ಇಡೀ ಹಸಿ ಬಾದಾಮಿಯ ಒಂದು ಗ್ರಾಮಿನಿಂದ ದೇಹಕ್ಕೆ ದಕ್ಕಿದ್ದು ಸುಮಾರು 4.4 ಕ್ಯಾಲೊರಿ, ಅದೇ ಬಾದಾಮಿಯನ್ನು ಬೆಣ್ಣೆ ಮಾಡಿದಾಗ ಸುಮಾರು 6.5. ಕಾರಣ ಸರಳ. ಕಾಳಿನ ಕೊಬ್ಬು ಗಟ್ಟಿ ಕೋಶಭಿತ್ತಿಗಳ ಒಳಗೆ ಬೀಗ ಹಾಕಿಕೊಂಡಿರುತ್ತದೆ. ಹಲ್ಲು ಒಡೆಯದ ಕೋಶ ಕರುಳಿನಲ್ಲಿಯೂ ಒಡೆಯದೆ ಹಾಗೆಯೇ ಹೊರಟುಹೋಗುತ್ತದೆ. ಅರೆಯುವ ಕಲ್ಲು ಆ ಬೀಗಗಳನ್ನೆಲ್ಲ ಮುರಿದುಬಿಡುತ್ತದೆ. 2012ರ ಅವರ ಇನ್ನೊಂದು ಅಧ್ಯಯನದಲ್ಲಿ ಪಿಸ್ತಾಕ್ಕೆ ಈ ಉಳಿತಾಯ ಕಡಮೆ, ಲೆಕ್ಕಕ್ಕಿಂತ ಶೇ. 5ರಷ್ಟು ಮಾತ್ರ, ಎಂದು ಕಂಡಿತು. ಆದರೆ ಪಿಸ್ತಾಕ್ಕೆ ಇನ್ನೊಂದು ಬೀಗವಿದೆ, ಅದರ ಚಿಪ್ಪು. ಇಲಿನಾಯ್ ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ, ಚಿಪ್ಪು ಸುಲಿದುಕೊಂಡು ತಿಂದವರು ಸುಲಿದಿಟ್ಟ ತಿರುಳನ್ನು ತಿಂದವರಿಗಿಂತ ಶೇ. 41ರಷ್ಟು ಕಡಮೆ ಕ್ಯಾಲೊರಿ ತಿಂದರೆಂದು 2011ರಲ್ಲಿ ವರದಿಯಾಯಿತು. ಒಂದು ಔನ್ಸಿಗೆ ಸುಮಾರು 49 ಕಾಳು. ಅಷ್ಟನ್ನು ಒಂದೊಂದಾಗಿ ಸುಲಿಯುವ ಹೊತ್ತಿಗೆ ಹೊಟ್ಟೆ ಸಾಕೆನ್ನುತ್ತದೆ, ಬೆರಳೂ ಸಾಕೆನ್ನುತ್ತದೆ. ಅದೇ ಔನ್ಸು ಬೆಣ್ಣೆ ಎರಡು ಚಮಚದಲ್ಲಿ ಮುಗಿದುಹೋಗುತ್ತದೆ.

ಆದ್ದರಿಂದ ಯಾರಿಗೆ ಇದು ಹಿತ ಎಂದರೆ, ಹಲ್ಲಿಲ್ಲದ ಹಿರಿಯರಿಗೆ, ಊಟ ಸೇರದೆ ಸೊರಗಿದವರಿಗೆ, ಬೆಳೆಯುವ ಮಕ್ಕಳಿಗೆ. ಕಡಮೆ ತುತ್ತಿನಲ್ಲಿ ಹೆಚ್ಚು ಸತ್ವ ಬೇಕಾದ ಕಡೆ ಬೀಗ ಮುರಿದದ್ದೇ ಅನುಕೂಲ. ತೂಕ ಇಳಿಸಬೇಕೆಂದಿರುವವರಿಗೆ ಚಿಪ್ಪಿನ ಪಿಸ್ತಾವೇ ಮೇಲು. ಗೇರುಬೀಜ ಒಗ್ಗದೆ ಮೈ ದದ್ದೇಳುವವರು ಪಿಸ್ತಾವನ್ನು ಮುಟ್ಟಬಾರದು; ಇವೆರಡೂ ಹತ್ತಿರದ ಸಂಬಂಧಿಗಳು, ಒಂದು ಒಗ್ಗದವರಿಗೆ ಇನ್ನೊಂದೂ ಬಹುಮಟ್ಟಿಗೆ ಒಗ್ಗುವುದಿಲ್ಲ.

ಅರೆಯುವುದರ ಇನ್ನೊಂದು ಪರಿಣಾಮ ಹೆಚ್ಚು ಗಂಭೀರವಾದದ್ದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ತಿಂದದ್ದು ಕಡಲೆಕಾಯಿ ಹಿಂಡಿಯ ಹಿಟ್ಟು. ಅದರಲ್ಲಿದ್ದದ್ದು ಬೂಷ್ಟು ಬಿಡುವ ವಿಷ. ಅದಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. ಯಕೃತ್ತಿಗೆ ಅದು ಕೊಡುವ ಪೆಟ್ಟು ಕ್ಯಾನ್ಸರಿನವರೆಗೆ ಹೋಗಬಲ್ಲದು. ಯಕೃತ್ತಿಗೆ ಬಲವೆಂದು ಗೇಲನ್ ಹೇಳಿದ ಪಿಸ್ತಾಕ್ಕೇ ಈ ಬೂಷ್ಟು ಹತ್ತುವುದು ವಿಧಿಯ ವ್ಯಂಗ್ಯ. 1997ರ ಸೆಪ್ಟೆಂಬರಿನಲ್ಲಿ ಯುರೋಪಿನ ಒಕ್ಕೂಟ ಇರಾನಿನ ಪಿಸ್ತಾವನ್ನು ಕೆಲವು ತಿಂಗಳು ಪೂರ್ತಿಯಾಗಿ ತಡೆಹಿಡಿದದ್ದು ಇದೇ ಕಾರಣಕ್ಕೆ. ಕಾಲಕ್ಕೆ ಮೊದಲೇ ಬಾಯಿ ಬಿಟ್ಟ ಕಾಯಿಗಳಲ್ಲಿ ಬೂಷ್ಟು ಸೇರುತ್ತದೆ. ಕೈಯಲ್ಲಿ ಸುಲಿದು ತಿನ್ನುವವನು ಕಪ್ಪಾದ, ಮುರುಟಿದ, ಮುಗ್ಗಲು ಹಿಡಿದ ಕಾಳನ್ನು ಎಸೆದುಬಿಡುತ್ತಾನೆ. ಯಂತ್ರಕ್ಕೆ ಬಿದ್ದ ಕಾಳನ್ನು ಎಸೆಯುವವರಾರು? ಒಂದು ಕೆಟ್ಟ ಕಾಳು ನೂರು ಒಳ್ಳೆಯ ಕಾಳುಗಳ ಜೊತೆ ನುಣ್ಣಗಾಗಿ ಇಡೀ ಸೀಸೆಗೆ ಹಂಚಿಹೋಗುತ್ತದೆ. ಸಾಲ್ಮೊನೆಲ್ಲಾ ರೋಗಾಣುವಿನ ಕಾರಣದಿಂದ 2009ರಲ್ಲಿ ಅಮೆರಿಕದಲ್ಲಿ, 2025ರಲ್ಲಿ ಕೆನಡಾದಲ್ಲಿ ಪಿಸ್ತಾ ಮತ್ತು ಪಿಸ್ತಾ ತಿನಿಸುಗಳನ್ನು ಅಂಗಡಿಗಳಿಂದ ಹಿಂದಕ್ಕೆ ಪಡೆಯಬೇಕಾಯಿತು.

ಬಣ್ಣದ ವಂಚನೆಯಂತೂ ಹಳೆಯದು. ಅಮೆರಿಕದಲ್ಲಿ ಹಿಂದೆ ಆಮದು ಪಿಸ್ತಾದ ಚಿಪ್ಪಿನ ಕಲೆಗಳನ್ನು ಮುಚ್ಚಲು ಕೆಂಪು ಬಣ್ಣ ಹಾಕುತ್ತಿದ್ದರು. ತಿಂದವರ ಬೆರಳೆಲ್ಲ ಕೆಂಪು. ನಮ್ಮಲ್ಲಿ ಕಡಲೆಕಾಯಿ ಬೀಜಕ್ಕೆ ಹಸಿರು ಬಣ್ಣ ಬಳಿದು, ಸೀಳಿ, ಪಿಸ್ತಾ ಚೂರೆಂದು ಮಾರುವವರಿದ್ದಾರೆ. 2021ರಲ್ಲಿ ದುಬೈಯ ಮಿಠಾಯಿ ತಯಾರಕರೊಬ್ಬರು ಪಿಸ್ತಾ ಲೇಹ್ಯ, ಎಳ್ಳಿನ ಲೇಹ್ಯ ಮತ್ತು ಹುರಿದ ಶಾವಿಗೆಯನ್ನು ತುಂಬಿದ ಚಾಕೊಲೇಟನ್ನು ಮಾಡಿದರು. 2023ರ ಕೊನೆಯಲ್ಲಿ ಅದರ ಚಲಚ್ಚಿತ್ರ ತುಣುಕೊಂದು ಲೋಕವನ್ನೆಲ್ಲ ಸುತ್ತಿತು. 2025ರ ಹೊತ್ತಿಗೆ ಪಿಸ್ತಾ ತಿರುಳಿನ ಬೆಲೆ ಪೌಂಡಿಗೆ 7.65 ಡಾಲರಿನಿಂದ 10.30 ಡಾಲರಿಗೆ ಏರಿತು. ಬೆಲೆ ಏರಿದಾಗ ಬೆರಕೆ ಹಿಂದೆ ಉಳಿಯುವುದುಂಟೆ? ಆ ವರ್ಷ ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಸರಕಾರಿ ಪ್ರಯೋಗಶಾಲೆ ಹಲವು ‘ದುಬೈ’ ಚಾಕೊಲೇಟುಗಳನ್ನು ಬಿಚ್ಚಿ ನೋಡಿದಾಗ ಕೆಲವುಗಳಲ್ಲಿ ಬೇರೆ ಕೊಬ್ಬೂ, ಹೊರಗಿನ ಬಣ್ಣವೂ, ಅಫ್ಲಟಾಕ್ಸಿನ್ನೂ ಸಿಕ್ಕಿದವು.

ಕೊಳ್ಳುವವರು ಎರಡು ಹೆಸರುಗಳ ವ್ಯತ್ಯಾಸವನ್ನು ತಿಳಿದಿರಬೇಕು. ಪಿಸ್ತಾ ಬೆಣ್ಣೆ ಎಂಬುದರಲ್ಲಿ ಪಿಸ್ತಾ, ಬಹಳವಾದರೆ ಚಿಟಿಕೆ ಉಪ್ಪು, ಇಷ್ಟೇ ಇರಬೇಕು. ಪಿಸ್ತಾ ಕ್ರೀಮ್ ಎಂಬುದು ಸಕ್ಕರೆ, ಹಾಲಿನ ಪುಡಿ, ಬೇರೆ ಎಣ್ಣೆಗಳ ಮಿಠಾಯಿ. ಅದರಲ್ಲಿ ಪಿಸ್ತಾದ ಪಾಲು ಅನೇಕ ವೇಳೆ ಅರ್ಧಕ್ಕಿಂತ ಕಡಮೆ. ಅದನ್ನು ಮಿಠಾಯಿಯೆಂದು ತಿಂದರೆ ತಪ್ಪಿಲ್ಲ, ಔಷಧವೆಂದು ತಿನ್ನಬಾರದು. ಮೇಲೆ ಎಣ್ಣೆ ತೇಲುತ್ತಿರುವ ಸೀಸೆಯನ್ನು ಕಂಡು ಹಿಂಜರಿಯಬೇಕಿಲ್ಲ. ರೋಸ್‌ಫೀಲ್ಡನ ಕೈ ಅದಕ್ಕೆ ತಗಲಿಲ್ಲವೆಂದು ಅರ್ಥ. ತೀರ ಗಿಳಿಹಸಿರು ಬಣ್ಣವನ್ನು ಕಂಡರೆ ಮಾತ್ರ ಅನುಮಾನಿಸಬೇಕು. ಹುರಿದ ಪಿಸ್ತಾದ ನಿಜವಾದ ಬಣ್ಣ ಪಾಚಿಯಂತೆ ಮಂಕು.

ಮಿಕ್ಸಿ ಇರುವ ಮನೆಯಲ್ಲಿ ಅರೆದವನನ್ನು ನಂಬುವ ಪ್ರಮೇಯವೇ ಇಲ್ಲ. ಉಪ್ಪು ಹಾಕದ, ಚಿಪ್ಪಿನ ಸಮೇತವಾದ ಪಿಸ್ತಾವನ್ನು ತಂದು ಸುಲಿದು, ಕೆಟ್ಟ ಕಾಳನ್ನು ಆರಿಸಿ ತೆಗೆಯಿರಿ. ಕುದಿಯುವ ನೀರಿನಲ್ಲಿ ಒಂದು ನಿಮಿಷ ಹಾಕಿ ತೆಗೆದು ಬಟ್ಟೆಯಲ್ಲಿ ಉಜ್ಜಿದರೆ ಮೇಲಿನ ನೇರಳೆ ಸಿಪ್ಪೆ ಬಿಡುತ್ತದೆ. ಚೆನ್ನಾಗಿ ಆರಿದ ಮೇಲೆ ಸಣ್ಣ ಉರಿಯಲ್ಲಿ ಬೆಚ್ಚಗಾಗುವಷ್ಟು ಹುರಿದು, ತೇವ ಪೂರ್ತಿ ಹೋದಮೇಲೆ ಸಣ್ಣ ಜಾರಿನಲ್ಲಿ ತಡೆತಡೆದು ಅರೆಯಬೇಕು. ಮೊದಲು ಪುಡಿ, ಆಮೇಲೆ ಮುದ್ದೆ; ಆ ಘಟ್ಟದಲ್ಲಿ ತಾಳ್ಮೆಗೆಟ್ಟು ಎಣ್ಣೆಯನ್ನೋ ನೀರನ್ನೋ ಸುರಿಯುವವರೇ ಹೆಚ್ಚು. ನೀರು ಬಿದ್ದರೆ ಕೆಲಸ ಕೆಟ್ಟಿತು. ಗೋಡೆಗೆ ಅಂಟಿದ್ದನ್ನು ಕೆರೆದು ಹಾಕಿ, ಯಂತ್ರಕ್ಕೆ ವಿಶ್ರಾಂತಿ ಕೊಟ್ಟು ಮುಂದುವರಿಸಿದರೆ ಮುದ್ದೆ ತಾನಾಗಿ ಸಡಿಲಿ ಹರಿಯುವಂತಾಗುತ್ತದೆ. ಚಪಾತಿಗೆ, ದೋಸೆಗೆ ಬೆಲ್ಲದ ಪುಡಿಯೊಡನೆ ಹಚ್ಚಬಹುದು. ಬಿಸಿ ಹಾಲಿಗೆ ಒಂದು ಚಮಚ ಕದಡಬಹುದು. ಗಸಗಸೆಯ ಬದಲು ಪಾಯಸಕ್ಕೆ, ಗೇರುಬೀಜದ ಬದಲು ಸಾಗುವಿಗೆ ಹಾಕಿದರೆ ಗಟ್ಟಿ ಬರುತ್ತದೆ. ಒಲೆಯ ಮೇಲೆ ಹೆಚ್ಚು ಹೊತ್ತು ಕುದಿಸಿದರೆ ಹಸಿರು ಹೋಗಿ ಕಂದಾಗುವುದರಿಂದ ಇಳಿಸುವ ಮುಂಚೆ ಬೆರೆಸುವುದು ಲೇಸು. ಒಣಗಿದ ಸೀಸೆಯಲ್ಲಿ, ಒಣಗಿದ ಚಮಚದಿಂದ, ತಂಪು ಪೆಟ್ಟಿಗೆಯಲ್ಲಿಟ್ಟು ಬಳಸಿದರೆ ಮೂರು ನಾಲ್ಕು ವಾರ ಬರುತ್ತದೆ.